ಎರಡು ಹೆಸರಿನ ಮುಂಗಡ

ಬಸ್ಸು ಕುಮಟಾ ನಿಲ್ದಾಣ ಬಿಟ್ಟು ಹೆದ್ದಾರಿಗೆ ತಿರುಗಿದ ಮೇಲೆ ಉದಯನಿಗೆ ಇಳಿದುಬಿಡಬೇಕು ಅನಿಸಿತು. ಆದರೆ ಟಿಕೆಟ್ ತೆಗೆದಾಗಿತ್ತು. ಟಿಕೆಟ್ ತೆಗೆದಾಯಿತೆಂಬ ಒಂದೇ ಕಾರಣಕ್ಕೆ ಕುಳಿತಿರುವುದು ತಪ್ಪು ಎಂದು ಅವನು ಇಪ್ಪತ್ತೆರಡು ವರ್ಷಗಳಿಂದ ಬಿ.ಕಾಂ. ತರಗತಿಯಲ್ಲಿ ಪಾಠ ಹೇಳುತ್ತಿದ್ದ. ಹೋದ ಹಣ ಹೋಯಿತು. ಮುಂದಿನ ತೀರ್ಮಾನಕ್ಕೆ ಅದನ್ನು ಎಳೆದು ತರಬಾರದು. ಪಠ್ಯದಲ್ಲಿ ಅದಕ್ಕೆ ಮುಳುಗಿದ ವೆಚ್ಚ ಎಂದು ಹೆಸರು.

ಅವನು ಕುಳಿತೇ ಇದ್ದ.

ಅಂಗಿಯ ಜೇಬಿನಲ್ಲಿ ನಾಲ್ಕಾಗಿ ಮಡಚಿದ ಹಾಳೆಯಿತ್ತು. ಎರಡು ವರ್ಷದ ಹಿಂದಿನ ಮೇ ತಿಂಗಳಲ್ಲಿ, ಮುಂಬೈಯಿಂದ ಕೊಚ್ಚಿಗೆ ಹೋಗಿಬರುವ ಐದು ದಿನದ ವಿಹಾರದ ಹಡಗಿನಲ್ಲಿ ಕೊಂಡದ್ದು. ಮುಂದಿನ ಯಾನದ ಕ್ರೆಡಿಟ್. ತಲೆಗೆ ಹತ್ತು ಸಾವಿರ ಈಗಲೇ ಕಟ್ಟಿದರೆ ಮುಂದಿನ ಸಲ ಅದು ಹದಿಮೂರು ಸಾವಿರವಾಗಿ ಲೆಕ್ಕಕ್ಕೆ ಬರುತ್ತದೆ. ಹಡಗಿನಲ್ಲಿ ಇರುವಾಗ ಮಾತ್ರ ಸಿಗುತ್ತದೆ, ಇಳಿದ ಮೇಲೆ ಇಲ್ಲ. ಹಣ ವಾಪಸು ಬರುವುದಿಲ್ಲ. ಹಾಳೆಯಲ್ಲಿರುವ ಇಬ್ಬರೂ ಒಂದೇ ಕೋಣೆಯಲ್ಲಿ ಪ್ರಯಾಣಿಸಬೇಕು. ಎರಡನೆಯ ಹೆಸರನ್ನು ಒಂದು ಸಲ ಬದಲಿಸಬಹುದು. ಇಪ್ಪತ್ತನಾಲ್ಕು ತಿಂಗಳೊಳಗೆ ಮುಂದಿನ ಯಾನ ಕಾಯ್ದಿರಿಸಬೇಕು.

ಇಪ್ಪತ್ತನಾಲ್ಕನೆಯ ತಿಂಗಳು ಇಂದು, ಮೇ ಮೂವತ್ತರಂದು, ಸಂಜೆ ಆರಕ್ಕೆ ಮುಗಿಯುತ್ತಿತ್ತು.

ಎರಡನೆಯ ಹೆಸರು ಹೆಂಡತಿ ಸಂಗೀತಾಳದು. ಎಂಟು ತಿಂಗಳಿಂದ ಅವಳು ಹೊನ್ನಾವರದಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿದ್ದಳು. ಅಲ್ಲಿನ ಒಂದು ಸಹಕಾರಿ ಸಂಘದಲ್ಲಿ ಅವಳಿಗೆ ಕೆಲಸ. ದಿನಾ ಓಡಾಡುವುದು ಕಷ್ಟ ಎಂದು ಹೋದವಳು. ಕುಮಟಾದಿಂದ ಹೊನ್ನಾವರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ. ಹದಿನಾರು ವರ್ಷ ಅವಳು ಅದೇ ಅರ್ಧ ಗಂಟೆ ಓಡಾಡಿದ್ದಳು. ಕಷ್ಟ ಎಂದಾಗ ಅವನು ‘ಹೌದು, ಕಷ್ಟ’ ಎಂದಿದ್ದ. ಅದಕ್ಕಿಂತ ಹೆಚ್ಚಿನ ಮಾತು ಇಬ್ಬರ ನಡುವೆ ಆಗಿರಲಿಲ್ಲ.

ಅವನು ಹೊನ್ನಾವರದಲ್ಲಿ ಇಳಿದು ಅವಳ ಕಚೇರಿಯ ಎದುರು ನಿಂತ. ಮಧ್ಯಾಹ್ನದ ಊಟದ ಬಿಡುವಿಗೆ ಅವಳು ಮೆಟ್ಟಿಲಿಳಿದು ಬಂದಳು. ಕೈಯಲ್ಲಿ ಬುತ್ತಿ. ಅವನನ್ನು ಕಂಡು ನಿಂತಳು, ಆಶ್ಚರ್ಯಪಡಲಿಲ್ಲ.

"ಎಂತ ಇವತ್ತು? ಫೋನ್ ಮಾಡಿದ್ರೆ ಆಗ್ತಿತ್ತಲ್ಲ."

"ಭಟ್ಕಳಕ್ಕೆ ಹೊರಟಿದ್ದೆ. ದಾರಿ ಇದೇ ಅಲ್ವಾ."

ಎದುರಿನ ಖಾನಾವಳಿಯಲ್ಲಿ ಮೂಲೆಯ ಬೆಂಚು ಹಿಡಿದರು. ಅವನು ಎರಡು ಮುರುಗಲ ಶರಬತ್ತು ಹೇಳಿದ. ಅವಳು ಒಂದು ಸಾಕು ಎಂದಳು. ಬಂದ ಒಂದನ್ನು ಇಬ್ಬರೂ ಮುಟ್ಟಲಿಲ್ಲ. ಅವನು ಹಾಳೆ ಬಿಡಿಸಿ ಮೇಜಿನ ಮೇಲಿಟ್ಟ.

"ಇದು ಇನ್ನೂ ಇತ್ತಾ?"

"ಇವತ್ತೇ ಕೊನೆ. ಅಕ್ಟೋಬರದಲ್ಲಿ ಒಂದು ಹಡಗು ಉಂಟು. ದಸರಾ ರಜೆ."

"ನನಗೆ ದಸರಾಕ್ಕೆ ಅಷ್ಟು ರಜೆ ಇಲ್ಲ."

"ನವೆಂಬರದಲ್ಲೂ ಉಂಟು."

ಅವಳು ಬುತ್ತಿಯ ಮುಚ್ಚಳ ತೆಗೆದು ಮತ್ತೆ ಹಾಕಿದಳು. "ನನ್ನ ಹೆಸರು ತೆಗೀರಿ."

"ತೆಗೆಯೂಕೆ ಬರೂದಿಲ್ಲ. ಬದಲಿಸಬೇಕು."

"ಬದಲಿಸಿ."

"ಯಾರಿಗೆ?"

ಆ ಪ್ರಶ್ನೆಗೆ ಉತ್ತರ ಕೊಡುವುದು ತನ್ನ ಕೆಲಸವಲ್ಲ ಎಂಬಂತೆ ಅವಳು ರಸ್ತೆ ನೋಡಿದಳು. ಹೆದ್ದಾರಿಯಲ್ಲಿ ಟ್ಯಾಂಕರುಗಳು ಸಾಲಾಗಿ ಸೇತುವೆಯ ಕಡೆ ಹೋಗುತ್ತಿದ್ದವು.

"ಅವತ್ತು ನೀನೂ ಹೂಂ ಅಂದಿದ್ದೆ," ಎಂದ ಅವನು. "ಹಡಗಿನ ಆ ಕೌಂಟರಿನ ಹತ್ತಿರ. ಮತ್ತೆ ಬರೋಣ ಅಂತ."

"ನಾ ಎಲ್ಲಿ ಅಂದೆ? ಆ ಹುಡುಗಿ ‘ಮೇಡಂ, ಫಿರ್ ಆಯೇಂಗೆ ನಾ’ ಅಂತ ಕೇಳ್ತು. ನಾ ನಕ್ಕೆ. ಅಷ್ಟೇಯ."

"ನಕ್ಕೆ ಅಲ್ವಾ."

"ಎಂತ ಹೇಳೂದು ಗೊತ್ತಾಗದಿದ್ರೆ ನಗ್ತಾರಪ್ಪ." ಅವಳು ಈಗಲೂ ಸ್ವಲ್ಪ ನಕ್ಕಳು. "ನಾ ಅವತ್ತು ಯಾವಾಗ ಇಳಿಯೂದು ಅಂತ ನೋಡ್ತಿದ್ದೆ. ಎಲ್ಲಿ ಹೋದ್ರೂ ನೀವು, ನಾನು. ಮನೇಲಾದ್ರೆ ಅಡುಗೆಮನೆ ಆದ್ರೂ ಇರ್ತದೆ."

ಅವನು ಹಾಳೆಯನ್ನು ಹಳೆಯ ಮಡಿಕೆಯಲ್ಲೇ ಮಡಚಿದ. ಎರಡು ವರ್ಷ ಅವನು ಆ ನಗುವನ್ನು ಒಪ್ಪಿಗೆ ಎಂದೇ ಇಟ್ಟುಕೊಂಡಿದ್ದ. ಅವಳು ಹೊನ್ನಾವರಕ್ಕೆ ಹೋದ ದಿನವೂ ಕಪಾಟು ತೆರೆದು ಹಾಳೆ ಇದೆಯೇ ಎಂದು ನೋಡಿದ್ದ. ಅವಧಿಯಲ್ಲಿ ಹದಿನಾರು ತಿಂಗಳು ಕಳೆದಿದೆ, ಇನ್ನೂ ಎಂಟು ತಿಂಗಳು ಬಾಕಿ ಇದೆ ಎಂದು ಎಣಿಸಿ ಬಾಗಿಲು ಹಾಕಿದ್ದ.

"ಊಟ ಆಯ್ತಾ ನಿಮ್ದು?" ಏಳುತ್ತ ಅವಳು ಕೇಳಿದಳು.

"ಆತು," ಎಂದ. ಆಗಿರಲಿಲ್ಲ.

ಭಟ್ಕಳದಲ್ಲಿ ಟ್ರಾವೆಲ್ ಏಜೆನ್ಸಿ ನಡೆಸುವ ಸಂಜಯ ಅವನ ಹಳೆಯ ವಿದ್ಯಾರ್ಥಿ. ಅಂಗಡಿಯ ಗೋಡೆಯ ತುಂಬ ವಿಮಾನಗಳು. ಹಡಗಿನ ಚಿತ್ರ ಒಂದೇ, ಅದೂ ಬಾಗಿಲ ಹಿಂದೆ. ದುಬೈಗೆ ಹೊರಟ ಗಿರಾಕಿಯೊಬ್ಬನೊಡನೆ ನವಾಯತಿಯಲ್ಲಿ ಮಾತು ಮುಗಿಸಿ ಸಂಜಯ ಕನ್ನಡಕ್ಕೆ ತಿರುಗಿದ.

"ಬನ್ನಿ ಸರ್. ಮೇಡಂ ಬರ್ಲಿಲ್ವಾ?"

"ಆಫೀಸು."

ಸಂಜಯ ಕಂಪ್ಯೂಟರಿನಲ್ಲಿ ಹಾಳೆಯ ಸಂಖ್ಯೆ ಹೊಡೆದ. "ಜೀವ ಉಂಟು ಸರ್. ಇನ್ನು ಮೂರು ತಾಸು ಉಂಟು. ಯಾವ ತಾರೀಕು ಹಾಕ್ಲಿ?"

"ಒಬ್ನೇ ಹೋದ್ರೆ?"

ಸಂಜಯ ಕೈ ನಿಲ್ಲಿಸಿದ. ಆದರೆ ಮುಖ ಎತ್ತಲಿಲ್ಲ. ಅಷ್ಟು ಸೌಜನ್ಯ ಅವನಿಗಿತ್ತು. "ಹೋಗ್ಬಹುದು ಸರ್. ಕೋಣೆ ಇಬ್ಬರದ್ದು, ಇಬ್ಬರ ದುಡ್ಡು ಕೊಡ್ಬೇಕಾಗ್ತದೆ. ಈ ಕ್ರೆಡಿಟ್ ನಡೆಯೂದಿಲ್ಲ. ಇದು ಎರಡು ಹೆಸರಿಂದು."

"ಹಾಗಾದ್ರೆ ಇದನ್ನ ಕೊಂಡದ್ದೇ ತಪ್ಪಾ?"

"ತಪ್ಪು ಅಂತಲ್ಲ. ಹೋಗೇ ಹೋಗ್ತೇವೆ ಅನ್ನುವವರಿಗೆ ಲಾಭ. ನನ್ನ ಕಡೆಯಿಂದ ಹೋದವರಲ್ಲಿ ಒಂಬತ್ತು ಜೋಡಿ ತಕಂಡಿದ್ರು ಸರ್. ಎರಡು ಜೋಡಿ ಮತ್ತೆ ಹೋದ್ರು."

"ಉಳಿದ ಏಳು?"

"ಆ ಎರಡು ಜೋಡಿಗೆ ರಿಯಾಯ್ತಿ ಎಲ್ಲಿಂದ ಬರ್ಬೇಕು ಸರ್?" ಸಂಜಯ ನಕ್ಕ. "ನೀವೇ ಕಲಿಸಿದ್ದಲ್ವಾ."

ಹೊರಡುವಾಗ ಹೇಳಿದ: "ಹೆಸರು ಬದಲಿಸೂದಾದ್ರೆ ಆರರೊಳಗೆ ಒಂದು ಮೆಸೇಜ್ ಹಾಕಿ ಸರ್. ಹೆಸರು ಸಾಕು. ಆಧಾರ್ ನಾಳೆ ಕೊಟ್ರೂ ನಡೀತದೆ."

ಅಂಗಡಿಯ ಹೊರಗಿನ ನೆರಳಿನಲ್ಲಿ ನಿಂತು ಅವನು ಮೊಬೈಲಿನಲ್ಲಿದ್ದ ಹೆಸರುಗಳನ್ನು ಮೇಲಿನಿಂದ ಕೆಳಕ್ಕೆ ನೋಡಿದ. ನಾನೂರಕ್ಕೂ ಹೆಚ್ಚು. ವಿಭಾಗದ ಸಹೋದ್ಯೋಗಿಗಳು, ಮೌಲ್ಯಮಾಪನದ ಗೆಳೆಯರು, ಗ್ಯಾಸ್ ತರುವವನು, ಸತ್ತ ಮೇಲೂ ಅಳಿಸದೆ ಉಳಿದ ಇಬ್ಬರು. ಯಾರನ್ನು ಕರೆದರೂ ಮೊದಲ ಪ್ರಶ್ನೆ ‘ಮೇಡಂ?’ ಎಂದೇ ಇರುತ್ತದೆ. ಆ ಪ್ರಶ್ನೆ ಕೇಳದಿರುವ ಒಂದು ಹೆಸರಿತ್ತು. ಅವನು ತಮ್ಮನಿರುವ ಹುಟ್ಟೂರು ತೆಂಗಿನಗುಂಡಿಗೆ ರಿಕ್ಷಾ ಹಿಡಿದ.

ದಾರಿಯಲ್ಲಿ ತನ್ನ ತಪ್ಪು ಯಾವುದೆಂದು ಅವನಿಗೆ ಸ್ಪಷ್ಟವಾಯಿತು. ಅದು ಅರ್ಥಶಾಸ್ತ್ರದ ತಪ್ಪಲ್ಲ, ಊರಿನದು.

ತೆಂಗಿನಗುಂಡಿಯಲ್ಲಿ ಮೇ ಕೊನೆಗೆ ಬೋಟುಗಳು ನಿಲ್ಲುತ್ತವೆ. ಆಗ ಬೋಟಿನ ಮಾಲೀಕ ಪ್ರತಿಯೊಬ್ಬ ಆಳಿಗೂ ಮುಂದಿನ ಹಂಗಾಮಿನ ಮುಂಗಡ ಕೊಡುತ್ತಾನೆ. ಅದನ್ನು ಹಿಡಿದವನು ಆಗಸ್ಟಿನಲ್ಲಿ ಅದೇ ಬೋಟು ಹತ್ತಬೇಕು. ಆಗದಿದ್ದರೆ ತನ್ನ ಮನೆಯಿಂದಲೇ ಬದಲಿ ಆಳು ಕಳಿಸಬೇಕು. ಕಾಗದವಿಲ್ಲ, ಸಹಿಯಿಲ್ಲ, ಮುಂಗಡ ಕೈ ಸೇರಿದ ಮೇಲೆ ಮಳೆಗಾಲವೆಲ್ಲ ಆ ಮನುಷ್ಯ ಆ ಬೋಟಿನವನು. ಹಡಗಿನ ಕೌಂಟರಿನಲ್ಲಿ ಕಾರ್ಡು ಕೊಟ್ಟಾಗ ಉದಯನ ಮನಸ್ಸಿನಲ್ಲಿದ್ದದ್ದು ಇದೇ. ಮುಂಗಡವಾಯಿತು, ಇನ್ನು ಇಬ್ಬರೂ ಬರಲೇಬೇಕು.

ಆದರೆ ಊರಿನಲ್ಲಿ ಹಣ ಕೊಡುತ್ತಿದ್ದದ್ದು ಬೋಟು. ಆಳು ಬರದಿದ್ದರೆ ನಷ್ಟ ಬೋಟಿಗೆ, ಆದ್ದರಿಂದ ಅದು ಕಾಯುತ್ತಿತ್ತು. ಹಡಗಿನಲ್ಲಿ ಹಣ ಕೊಟ್ಟವನು ಅವನು. ಹಡಗಿಗೆ ಕಾಯುವ ಕಾರಣವೇ ಇರಲಿಲ್ಲ.

ತಮ್ಮ ಜಟ್ಟಿ ಮನೆಯ ಹಿಂದೆ, ಅಳಿವೆಯ ದಡದಲ್ಲಿದ್ದ. ಅಪ್ಪನ ಕಾಲದ ಮರದ ಪಾತಿದೋಣಿಯನ್ನು ಎರಡು ತೆಂಗಿನ ದಿಮ್ಮಿಗಳ ಮೇಲೆ ಏರಿಸಿ, ಕೊಡದಿಂದ ಅದರೊಳಗೆ ನೀರು ಹೊಯ್ಯುತ್ತಿದ್ದ. ಅವನ ಹೆಂಡತಿ ದುರ್ಗಿ ಇನ್ನೊಂದು ಕೊಡ ಹೊತ್ತು ಬರುತ್ತಿದ್ದಳು.

"ಓ ಭಾವ!" ಎಂದಳು. "ಮೀನು ಮುಗಿದ ಮೇಲೆ ಬಂದ್ರಿ ನೋಡಿ. ನಿನ್ನೆಗೇ ಬೋಟು ನಿಂತ್ತು. ಅಕ್ಕ ಎಲ್ಲಿ?"

"ಆಫೀಸು."

"ಅಕ್ಕನ ಆಫೀಸಿಗೆ ಬಾಗ್ಲೇ ಇಲ್ಲ ಕಾಣ್ತದೆ. ಒಳಗೆ ಹೋದವ್ರು ಹೊರಗೆ ಬರೂದೇ ಇಲ್ಲ." ದುರ್ಗಿ ಚಹಾ ಇಡಲು ಹೋದಳು.

"ಒಣಗಿ ಬಿರುಕು ಬಿಟ್ಟದೆ," ಎಂದ ಜಟ್ಟಿ, ದೋಣಿಯ ಹಲಗೆಗಳ ನಡುವಿನ ಸಂದು ತೋರಿಸಿ. "ಮಾರ್ಚಿಂದ ದಡದಲ್ಲೇ ಇತ್ತಲ್ಲ. ನೀರು ಕುಡಿಸ್ಬೇಕು. ಎರಡು ದಿನ ಕುಡಿದ್ರೆ ಹಲಗೆ ಉಬ್ಬಿ ತಾನಾಗೇ ಕೂಡ್ತದೆ. ಕೂಡ್ಲಿಲ್ಲ ಅಂದ್ರೆ ಸೌದೆ."

ಉದಯ ಹಾಳೆ ತೋರಿಸಲಿಲ್ಲ. ನಿಂತೇ ಹೇಳಿದ: "ಜಟ್ಟಿ, ಅಕ್ಟೋಬರದಲ್ಲಿ ಐದು ದಿನ ನನ್ನ ಸಂಗಡ ಬಾ. ಹಡಗಲ್ಲಿ. ಒಂದು ಜಾಗ ಖಾಲಿ ಉಂಟು."

"ಎಂತಾ ಹಡಗು? ಆ ಲೈಟಿನ ಹಡಗಾ?" ಜಟ್ಟಿ ಕೊಡ ಕೆಳಗಿಟ್ಟ. "ನಮ್ಮ ಬೋಟಿಂದ ಕಾಣ್ತದೆ ಮಾರಾಯ. ಮದುವೆ ಮನೆ ಹೋದ ಹಾಗೆ ಹೋಗ್ತದೆ. ಲೈಟು ಕಾಣ್ತದೆ, ಮನುಷ್ಯರು ಕಾಣೂದಿಲ್ಲ."

"ಒಳಗೆ ಮನುಷ್ಯರು ಇರ್ತಾರೆ."

"ಇರ್ಬೇಕು." ಜಟ್ಟಿ ಅಂಗಿಯ ಜೇಬು ತಟ್ಟಿದ. "ಬೆಳಿಗ್ಗೆ ಮುಂಗಡ ತಕಂಡೆ ಅಣ್ಣ. ಆಗಸ್ಟಿಗೆ ಹತ್ತಿದ್ರೆ ಮತ್ತೆ ಮೇ. ನಡುವೆ ಐದು ದಿನ ಬಿಡ್ತಾರಾ?"

"ಕೇಳಿ ನೋಡು. ಬದಲಿ ಆಳು ಕೊಟ್ರೆ ಆಯ್ತಲ್ಲ."

ಮಾತು ಹೊರಬಿದ್ದ ಮೇಲೆ ಅದು ಏನೆಂದು ಅವನಿಗೇ ಕೇಳಿಸಿತು. ಜಟ್ಟಿ ಅವನನ್ನೇ ನೋಡಿದ. ಆಮೇಲೆ ನಕ್ಕ; ಕೆಟ್ಟದಾಗಿ ಅಲ್ಲ.

"ಅತ್ತಿಗೆ ಬರೂದಿಲ್ಲ ಅಂದ್ಳಾ?"

ಉದಯ ದೋಣಿಯ ಸಂದಿಗೆ ಬೆರಳಿಟ್ಟು ನೋಡಿದ.

"ಅಪ್ಪನ ಬದ್ಲಿಗೂ ನಾನೇ, ಅತ್ತಿಗೆ ಬದ್ಲಿಗೂ ನಾನೇಯಾ ಅಣ್ಣ?" ಎಂದು ಜಟ್ಟಿ ಕೊಡ ಎತ್ತಿ ದೋಣಿಗೆ ಸುರಿದ.

ಮೂವತ್ತು ವರ್ಷದ ಹಿಂದೆ ಅಪ್ಪ ಸೋಮಯ್ಯ ಮುಂಗಡ ಹಿಡಿದಾಗಿತ್ತು. ಜುಲೈಯಲ್ಲಿ ಕಾಮಾಲೆ ಹಿಡಿಯಿತು. ಆಗಸ್ಟಿನಲ್ಲಿ ಬೋಟಿನ ಮಾಲೀಕ ಅಂಗಳದಲ್ಲಿ ನಿಂತು ‘ಮನೆಯಿಂದ ಒಬ್ರು ಬರ್ಬೇಕಲ್ಲ’ ಎಂದ. ದೊಡ್ಡವನು ಉದಯ, ಹತ್ತೊಂಬತ್ತು. ಚಿಕ್ಕವನು ಜಟ್ಟಿ, ಹದಿನಾರು. ಉದಯ ನೀರು ಕುಡಿಯಲು ಒಳಗೆ ಹೋದ. ಒಂದು ಲೋಟ ಕುಡಿದ, ಇನ್ನೊಂದು ತುಂಬಿಸಿ ಅದನ್ನೂ ಕುಡಿದ. ಹೊರಗೆ ಬಂದಾಗ ಜಟ್ಟಿ ಮಳೆಗೆ ಅಪ್ಪನ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಮಾಲೀಕನ ಹಿಂದೆ ಹೋಗುತ್ತಿದ್ದ. ಯಾರೂ ಯಾರನ್ನೂ ಏನೂ ಕೇಳಿರಲಿಲ್ಲ. ಆ ವಿಷಯ ಈವರೆಗೆ ಮಾತಿನಲ್ಲಿ ಬಂದಿರಲಿಲ್ಲ.

"ಹತ್ತಿ ಕೂರು ಅಣ್ಣ," ಎಂದ ಜಟ್ಟಿ, ಏನೂ ಆಗದವನ ಹಾಗೆ. "ಎಲ್ಲಿ ಸೋರ್ತದೆ ನೋಡಿ ಹೇಳು. ನಾ ಇನ್ನೆರಡು ಕೊಡ ತರ್ತೆ."

ಉದಯ ಬೂಟು ಬಿಚ್ಚಿ, ಪ್ಯಾಂಟು ಮಡಚಿ, ದೋಣಿಗೆ ಹತ್ತಿ ಹಲಗೆಯ ಮೇಲೆ ಕುಳಿತ. ನೀರು ಹಿಮ್ಮಡಿಗೆ ಬಂದಿತ್ತು. ಬಿಸಿಲಿಗೆ ಕಾದ ಮರ, ನೀರು ಬೆಚ್ಚಗಿತ್ತು. ಎದುರು ಅಳಿವೆ, ಅದರಾಚೆ ಸಾಲಾಗಿ ಕಟ್ಟಿದ ಬೋಟುಗಳು.

ಮೊಬೈಲು ನಡುಗಿತು. ಐದು ಐವತ್ತೊಂದು. ಸಂಜಯನ ಮೆಸೇಜು: ‘ಸರ್, ಹೆಸರು?’

ಅವನು ಸಂಗೀತಾ ಎಂದು ಬರೆದು ಅಳಿಸಿದ. ಜಟ್ಟಿ ಎಂದು ಬರೆದು ಅಳಿಸಿದ. ಆಮೇಲೆ ಉದಯ ಎಂದು ಬರೆದು ಕಳಿಸಿದ.

ಕೂಡಲೇ ಉತ್ತರ ಬಂತು. ‘ಇದು ಮೊದಲನೇ ಹೆಸರು ಸರ್. ಎರಡನೇದು ಕಳಿಸಿ.’

"ಸೋರೂದು ನಿಂತ್ತಾ ಅಣ್ಣಾ?" ಅಳಿವೆಯ ಅಂಚಿನಿಂದ ಜಟ್ಟಿ ಕೂಗಿದ.

ನೀರು ಹಿಮ್ಮಡಿಯಿಂದ ಇಳಿದು ಬೆರಳುಗಳ ಮಟ್ಟಕ್ಕೆ ಬಂದಿತ್ತು. ಉದಯ ಅಂಚು ಹಿಡಿದು ಕೆಳಗೆ ಬಾಗಿದ. ಕಡಲಿನಲ್ಲಿ ದೋಣಿ ಸೋರಿದರೆ ಹೊರಗಿನ ನೀರು ಒಳಗೆ ಬರುತ್ತದೆ. ಇಲ್ಲಿ ಒಳಗಿನದು ಹೊರಗೆ ಹೋಗುತ್ತಿತ್ತು. ಪ್ರತಿ ಸಂದಿನಿಂದಲೂ ಹನಿ ಹನಿಯಾಗಿ ಇಳಿದು ದೋಣಿಯ ಅಡಿಯ ಒಣ ಮರಳಿನ ಮೇಲೆ ಹರಡುತ್ತಿತ್ತು. ಉದ್ದಕ್ಕೆ, ಕಪ್ಪಗೆ, ಎರಡು ತುದಿ ಚೂಪಾಗಿ ಅಲ್ಲೊಂದು ಒದ್ದೆಯ ದೋಣಿ ಮೂಡುತ್ತಿತ್ತು. ಅದರಲ್ಲಿ ಯಾರೂ ಕುಳಿತಿರಲಿಲ್ಲ.