ಅಂಗೈಯಗಲ ಮಂಕು ಸದ್ದು

ಟಕ್ ಟಕ್ ಟಕ್ ದಪ್, ಇಲ್ಲೇ, ಇನ್ನೊಂದು ಸಲ ನಾಣ್ಯ ತಟ್ಟಿ ನೋಡು, ಟಕ್ ಟಕ್ ಟಕ್ ದಪ್, ವಿಮಾನದ ಬಾಲದ ಚುಕ್ಕಾಣಿ, ಮೇಲಿನ ಕೀಲಿನಿಂದ ಎರಡು ಗೇಣು ಕೆಳಗೆ, ಅಂಗೈಯಗಲ, ಕಣ್ಣಿಗೇನೂ ಇಲ್ಲ, ಬಣ್ಣ ನುಣ್ಣಗೆ ಹೊಳೀತಿದೆ, ಒಳಗೆ ಮಾತ್ರ ಅಂಟಿಸಿದ ಪದರ ಬಿಟ್ಟಿದೆ, ಅದಕ್ಕೇ ಈ ದಪ್, ಆಕಾಶದಲ್ಲಿ ಅದು ಕಿತ್ತುಬಂದರೆ — ಅಜ್ಜಿ ಪದ್ಯ ಹೇಳುವಾಗ ಒಂದು ಮಾತ್ರೆ ಜಾರಿದರೂ ತೂಕಡಿಸುತ್ತಿದ್ದ ನಾನು ಎದ್ದು ಕೂರುತ್ತಿದ್ದೆ, ಅಜ್ಜೀ ಎಲ್ಲೋ ತಪ್ಪಿತು, ಅರ್ಥ ಗೊತ್ತೇನೇ ನಿನಗೆ, ಇಲ್ಲ, ಮತ್ತೆ ತಪ್ಪು ಹೇಗೆ ಗೊತ್ತಾಯ್ತು, ಕಿವಿಗೆ ಚುಚ್ಚಿತು, ಅವಳು ನಕ್ಕು ಮೊದಲಿಂದ ಹೇಳುತ್ತಿದ್ದಳು, ಬಿಟ್ಟಲ್ಲಿಂದ ಅಲ್ಲ, ಮೊದಲಿಂದ, ದೇವರ ಮುಂದೆ ಕುಂಟು ಪದ್ಯ ಇಡಬಾರದು ಕಣೇ.

ಈ ನಾಣ್ಯ ಮೇಷ್ಟ್ರದು, ಈ ವಿಮಾನ ರಿಪೇರಿ ಶೆಡ್ಡಿನಲ್ಲಿ ಎಲ್ಲರಿಗೂ ಅವರು ಮೇಷ್ಟ್ರೇ, ಹತ್ತು ವರ್ಷದ ಹಿಂದೆ ಇದೇ ಅಟ್ಟಣಿಗೆಯ ಮೇಲೆ ನನ್ನ ಕೈಗಿಟ್ಟು, ಯಂತ್ರ ಆಮೇಲೆ ಬರಲಿ ಮಗಳೇ, ಮೊದಲು ಕಿವಿ ಕೊಡು, ವಿಮಾನ ಸುಳ್ಳು ಹೇಳಲ್ಲ, ಕಾಗದ ಹೇಳುತ್ತೆ, ಅಂದವರು — ಆ ಕಾಗದದಲ್ಲೇ ಹೋದ ತಿಂಗಳ ಸಾಲು, ಚುಕ್ಕಾಣಿ ತಟ್ಟಿ ನೋಡಿದೆ, ಸರಿಯಿದೆ, ಕೆಳಗೆ ಅವರ ರುಜು. ತಟ್ಟದೆ ಬರೆಯುವ ಜೀವ ಅಲ್ಲ ಅದು, ತಟ್ಟಿದ್ದಾರೆ, ಕೇಳಿಸಿಲ್ಲ, ಮೂವತ್ತು ವರ್ಷ ಎಂಜಿನ್ನಿನ ಪಕ್ಕ ನಿಂತ ಕಿವಿ, ಹಿಂದಿನಿಂದ ಮೂರು ಸಲ ಕರೆದರೂ ತಿರುಗುತ್ತಿರಲಿಲ್ಲ, ಮೇಷ್ಟ್ರಿಗೆ ಊಟದ ಗಂಟೆ ಒಂದೇ ಕೇಳೋದು ಅಂತ ನಾವು ನಕ್ಕೆವು, ನಾನೂ ನಕ್ಕೆ, ಅವರು ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಾರೆಂದು ಗೊತ್ತಿದ್ದೂ ನಕ್ಕೆ. ಅವರ ವರ್ಷಾವರಿ ಕಿವಿ ಪರೀಕ್ಷೆಯ ಹಾಳೆಯಲ್ಲೂ ಸರಿಯಿದೆ, ಸರ್ಕಾರದ ತಪಾಸಣೆಯವರು ಬಂದು ತಣ್ಣನೆ ಕೋಣೆಯಲ್ಲಿ ಕೂತು ಎಲ್ಲ ಹಾಳೆ ತಿರುವಿದರು, ನಿಮ್ಮ ಕಡತ ಕನ್ನಡಿ ಇದ್ದಹಾಗಿದೆ ಅಂದರು, ಏಣಿಯ ಒಂದು ಮೆಟ್ಟಿಲೂ ಹತ್ತಲಿಲ್ಲ.

ಏನಮ್ಮಾ ಇನ್ನೂ ನಿಮ್ಮ ಟಕ್ ಟಕ್ ಪದ್ಯ ಮುಗೀಲಿಲ್ವಾ, ಕೆಳಗಿನಿಂದ ಮ್ಯಾನೇಜರು, ಹನ್ನೊಂದಕ್ಕೆ ನೂರೆಂಬತ್ತು ಜನ ಹತ್ತಬೇಕು, ಇಲ್ಲ ಸಾರ್, ಇದು ಹಾರಲ್ಲ, ಮೇಷ್ಟ್ರೇ ಪಾಸು ಮಾಡಿದ್ದಾರಲ್ರೀ, ಅವರಿಗಿಂತ ದೊಡ್ಡ ಕಿವಿಯಾ ನಿಮ್ಮದು, ದಪ್ ಅಂದ ಜಾಗಕ್ಕೆ ಕೆಂಪು ಪೆನ್ಸಿಲಿನಿಂದ ಸುತ್ತು ಎಳೆದೆ, ಹಾಳೆಯಲ್ಲಿ ಬರೆದೆ, ಪದರ ಬಿಟ್ಟಿದೆ, ಹಾರಾಟ ಬೇಡ, ಅಲ್ಲಿಗೇ ನಿಲ್ಲಿಸಬಹುದಿತ್ತು, ಮೇಷ್ಟ್ರ ನಿವೃತ್ತಿಗೆ ನಾಲ್ಕೇ ತಿಂಗಳು, ಆದರೆ ಬಿಟ್ಟಲ್ಲಿಂದ ಅಲ್ಲ, ಮೊದಲಿಂದ, ಅವರ ಹೆಸರು ಹಾಕಿ ಮುಂದೆ ಬರೆದೆ — ಈ ವರ್ಷ ಇವರು ತಟ್ಟಿದ ವಿಮಾನಗಳನ್ನೆಲ್ಲ ಮತ್ತೆ ತಟ್ಟಬೇಕು, ಕಾರಣ, ಕಿವಿ, ಎರಡೇ ಅಕ್ಷರ, ಕೆಳಗೆ ನನ್ನ ರುಜು ಬಿತ್ತು.

ಏಣಿ ಅಲ್ಲಾಡಿತು, ಮೇಷ್ಟ್ರು, ಏದುಸಿರು ಬಿಡುತ್ತಾ ಬಂದವರು ಹಾಳೆ ಓದಿದರು, ಕನ್ನಡಕ ತೆಗೆದು ಮತ್ತೆ ಓದಿದರು, ಬಯ್ಯಲಿಲ್ಲ, ಕೆಂಪು ಸುತ್ತಿನ ಪಕ್ಕ ಕೆನ್ನೆ ಒತ್ತಿ ಕಿವಿಯಿಟ್ಟು ಕಣ್ಣು ಮುಚ್ಚಿ, ತಟ್ಟು ಮಗಳೇ, ತಟ್ಟಿದೆ, ಟಕ್ ಟಕ್ ಟಕ್ ದಪ್, ತಟ್ಟಿದೆಯಾ, ಇನ್ನೊಂದು ಸಲ ತಟ್ಟು, ಟಕ್ ಟಕ್ ಟಕ್ ದಪ್, ಒತ್ತಿದ ಕೆನ್ನೆ, ಮುಚ್ಚಿದ ಕಣ್ಣು, ಕಾಯುತ್ತಲೇ ಇದ್ದಾರೆ, ದಪ್, ಕಾಯುತ್ತಲೇ ಇದ್ದಾರೆ, ದಪ್