ಮುಟ್ಟಿ ನೋಡದ ಡಾಕ್ಟರು

ಹಾರ ಹಾಕಲು ಬಗ್ಗಿದ್ದ ಡಾಕ್ಟರ್ ಹೃಷಿಕೇಶರ ಮಣಿಕಟ್ಟನ್ನು ಜಲಜಾ ಗಟ್ಟಿಯಾಗಿ ಹಿಡಿದುಕೊಂಡರು.

ದೆಹಲಿಯ ಜನಕಪುರಿಯ ಫ್ಲ್ಯಾಟಿನ ಹಾಲಿನಲ್ಲಿ ಅವರ ಗಂಡ ನಾರಾಯಣಸ್ವಾಮಿಯವರ ಶವವನ್ನು ಮಲಗಿಸಿದ್ದರು. ಮೂವತ್ತಾರು ವರ್ಷ ಸರ್ಕಾರಿ ಕಡತ ಕಟ್ಟಿ ಬಿಚ್ಚಿದ ಮನುಷ್ಯ, ಯಾರ ಎದುರೂ ದನಿ ಎತ್ತಿದವರಲ್ಲ. ಆ ಸಾಧುತನವನ್ನು ನೆನೆದರೇ ಜಲಜಾರಿಗೆ ಮೈ ಉರಿಯುತ್ತಿತ್ತು. ಸುತ್ತಲಿನ ಕನ್ನಡದವರಿಗೆಲ್ಲ ಹೃಷಿಕೇಶರೇ ಡಾಕ್ಟರು. ಬಂದವರೆಲ್ಲ ಎದ್ದು ಅವರಿಗೆ ದಾರಿ ಬಿಟ್ಟಿದ್ದರು.

*

ಮೂರು ವಾರದ ಹಿಂದೆ ನಾರಾಯಣಸ್ವಾಮಿ ಕ್ಲಿನಿಕ್ಕಿನಲ್ಲಿ ಸಂಕೋಚದಿಂದ ಹೇಳಿಕೊಂಡಿದ್ದರು. ಬೆನ್ನು ನೋವು, ಅಂಗಾತ ಮಲಗಿದರೆ ಹೊಟ್ಟೆಯ ಮೇಲಿಟ್ಟ ಕನ್ನಡಕ ಕುಣಿಯುತ್ತದೆ.

'ಹೃದಯ ಕೆಳಗಿಳಿದಿರ್ಬೇಕು, ಸ್ವಾಮಿಯವ್ರೇ,' ಎಂದು ನಕ್ಕ ಡಾಕ್ಟರು ಗ್ಯಾಸಿನ ಮಾತ್ರೆ ಬರೆದರು. ಕುರ್ಚಿಯಿಂದ ಏಳಲೂ ಇಲ್ಲ. ಇನ್ನೊಮ್ಮೆ ಕೇಳಲು ಹೊರಟ ಜಲಜಾರನ್ನು ಗಂಡನೇ ಸುಮ್ಮನಿರಿಸಿದ್ದರು.

ನಿನ್ನೆ ಬೆಳಿಗ್ಗೆ ಅವರು ಬಚ್ಚಲಲ್ಲಿ ಕುಸಿದರು. ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಊದಿಕೊಂಡು ಒಡೆದಿದೆ ಎಂದು ಆಸ್ಪತ್ರೆಯ ಸರ್ಜನ್ ವಿವರಿಸಿದರು. ಇಂಥ ಸಣಕಲು ಮೈಯಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದ್ದರೂ, ಊದಿದ ನಾಳದ ಬಡಿತ ಕೈಗಳನ್ನು ಆಚೀಚೆ ತಳ್ಳುವುದು ಗೊತ್ತಾಗಿ ಅನುಮಾನ ಬರುತ್ತಿತ್ತು, ಒಂದು ಸ್ಕ್ಯಾನ್ ಮಾಡಿಸಿದ್ದರೆ ಗೊತ್ತಾಗಿಬಿಡುತ್ತಿತ್ತು. ಅಣ್ಣತಮ್ಮಂದಿರಿದ್ದರೆ, ಅದರಲ್ಲೂ ಸಿಗರೇಟು ಸೇದುವವರಿದ್ದರೆ, ಅವರನ್ನೂ ಪರೀಕ್ಷೆ ಮಾಡಿಸಿ ಎಂದರು.

*

'ಅವತ್ತು ನೀವು ಇವರನ್ನ ಮುಟ್ಲಿಲ್ಲ. ಇವತ್ತೂ ಮುಟ್ಬೇಡಿ,' ಎಂದರು ಜಲಜಾ.

ಮಗಳು ಹರಿಣಿ ತೋಳು ಹಿಡಿದು, 'ಅಮ್ಮಾ, ಬಸ್ ಕರೋ, ಸಾಕು, ಎಲ್ರೂ ನೋಡ್ತಿದಾರೆ,' ಎಂದಳು.

'ನೋಡ್ಲಿ ಅಂತಾನೇ.'

ನಿನ್ನೆಯಿಂದ ಜಲಜಾ ಕಾದಿದ್ದು ಇದಕ್ಕೇ. ಎದ್ದು ದಾರಿ ಬಿಟ್ಟ ಇದೇ ಜನರ ಮುಂದೆ ಈ ಮನುಷ್ಯ ತಲೆ ತಗ್ಗಿಸಬೇಕು. ಜಲಜಾ ತುಮಕೂರಿನಿಂದ ಬಂದಿದ್ದ ಮೈದುನ ಚಂದ್ರಪ್ಪನನ್ನು ಕರೆದು ದಿವಾನದ ಮೇಲೆ ಮಲಗಿಸಿದರು. ಅರವತ್ತಾರು ವರ್ಷ, ಅಣ್ಣನಷ್ಟೇ ಸಣಕಲು, ಬಾಯಲ್ಲಿ ಸಿಗರೇಟಿನ ವಾಸನೆ. ತನಗೇನಾಗಿದೆ ಎಂದು ಗೊಣಗುತ್ತಲೇ, ಅತ್ತಿಗೆಯ ಮುಖ ನೋಡಿ ಅಂಗಿ ಎತ್ತಿದ.

'ಹೇಗೆ ನೋಡ್ಬೇಕಿತ್ತು ಅಂತ ಎಲ್ರಿಗೂ ತೋರ್ಸಿ, ಡಾಕ್ಟ್ರೇ.'

ಹೃಷಿಕೇಶರಿಗೆ ಆಗುವುದಿಲ್ಲ ಎನ್ನುವ ಧೈರ್ಯ ಬರಲಿಲ್ಲ. ಮಂಡಿಯೂರಿ, ಚಂದ್ರಪ್ಪನ ಹೊಕ್ಕುಳ ಮೇಲೆ ಎರಡೂ ಕೈಗಳನ್ನು ಅಕ್ಕಪಕ್ಕ ಒತ್ತಿಟ್ಟರು. ಏನೂ ಇಲ್ಲ ಎನ್ನಹೊರಟವರು ತಮ್ಮ ಕೈಗಳನ್ನೇ ಬಗ್ಗಿ ನೋಡಿದರು.

ಜಲಜಾ ಬಯಸಿದ್ದು ಅವರ ಅವಮಾನವನ್ನಷ್ಟೇ. ಈಗ ದಿವಾನದ ಅಂಚು ಹಿಡಿದು ಕುಳಿತುಬಿಟ್ಟರು.

ಹಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದಂತೆ, ಪ್ರತಿ ಬಡಿತಕ್ಕೂ ಡಾಕ್ಟರರ ಎರಡು ಕೈಗಳು ತಾವಾಗಿಯೇ ಒಂದರಿಂದೊಂದು ದೂರ ಸರಿದು ಮತ್ತೆ ಹತ್ತಿರ ಬರುತ್ತಿದ್ದವು.