ಎರವಲು ನಡಿಗೆ

ನಾನು ಗೋಡೆಗೆ ಬಣ್ಣ ಬಳಿಯುವವನು. ಮೂರಂತಸ್ತಿನ ಕಟ್ಟಡಗಳಿಗೆ ಜೋತುಬಿದ್ದು ಕೆಲಸ ಮಾಡಿದವನು, ಒಂದು ಅಡುಗೆಮನೆಯ ಮೋಟು ಏಣಿಯಿಂದ ಬಿದ್ದು ಬೆನ್ನುಹುರಿ ಕೆಡಿಸಿಕೊಂಡೆ. ಗ್ರಹಚಾರ ಕೆಟ್ಟರೆ ಹಗ್ಗವೂ ಹಾವಾಗುತ್ತದಂತೆ. ಒಂದೂವರೆ ವರ್ಷ ಸೊಂಟದ ಕೆಳಗೆ ಏನೂ ಗೊತ್ತಾಗುತ್ತಿರಲಿಲ್ಲ. ಹೆಂಡತಿ ದಿನಾ ನನ್ನ ಪಾದಕ್ಕೆ ಎಣ್ಣೆ ತಿಕ್ಕುತ್ತಿದ್ದಳು, ನನಗೆ ಅವಳ ಕೈ ಕಾಣುತ್ತಿತ್ತು, ಅಷ್ಟೇ.

ಕೊನೆಗೆ ಒಂದು ಆಸ್ಪತ್ರೆಯವರು ಇನ್ನೂ ಪ್ರಯೋಗದಲ್ಲಿದ್ದ ಚಿಕಿತ್ಸೆಗೆ ನನ್ನನ್ನು ಸೇರಿಸಿಕೊಂಡರು. ಬೆನ್ನೊಳಗೆ ತೆಳ್ಳನೆಯ ಪಟ್ಟಿ, ಹೊರಗೊಂದು ಪೆಟ್ಟಿಗೆ. ಪೆಟ್ಟಿಗೆ ಹೇಳಿದ ಲಯದಲ್ಲಿ ನರಗಳಿಗೆ ಕರೆಂಟು ಹರಿಯುತ್ತದೆ.

ಮೂರನೇ ವಾರ ಬಲಗಾಲು ಅಲುಗಿತು. ನಾಚಿಕೆ ಬಿಟ್ಟು ಅತ್ತೆ. ಹೆಂಡತಿ ಕಾಲನ್ನೇ ನೋಡುತ್ತಿದ್ದಳು. ಹಿಮ್ಮಡಿ, ಮುಂಗಾಲು, ಹಿಮ್ಮಡಿ, ಮುಂಗಾಲು.

"ಇದೇನ್ರೀ, ಹೊಲಿಗೆ ಮಷೀನ್ ತುಳಿದ ಹಾಗಿದೆ. ಜನ್ಮದಲ್ಲಿ ಒಂದು ಗುಂಡಿ ಹೊಲ್ಕೊಂಡವರಲ್ಲ ನೀವು."

ಇಬ್ಬರೂ ನಕ್ಕೆವು. ಪಕ್ಕದ ಕೋಣೆಯಲ್ಲಿ ಆಸ್ಪತ್ರೆಯ ಹರಿದ ಹೊದಿಕೆ ಹೊಲಿಯುವ ಮಷೀನು ಗಡಗಡ ಎನ್ನುತ್ತಿತ್ತು. ಅದು ನಿಂತಿತು. ನನ್ನ ಕಾಲೂ ನಿಂತಿತು. ನಗು ಅಲ್ಲೇ ಒಣಗಿತು.

ಪೆಟ್ಟಿಗೆ ನೋಡಿಕೊಳ್ಳುವ ತಂತ್ರಜ್ಞನನ್ನು ಹಿಡಿದು ಕೇಳಿದೆ. ಅವನು ತಲೆ ತಗ್ಗಿಸಿದ.

"ಲಯ ಒಬ್ಬೊಬ್ಬರಿಗೂ ಹೊಸದಾಗಿ ಹೊಂದಿಸ್ಬೇಕು, ತಿಂಗಳುಗಟ್ಟಲೆ ಹಿಡಿಯುತ್ತೆ. ನಿಮಗಿಂತ ಮೊದಲು ಒಬ್ಬ ದರ್ಜಿ ಇದ್ದ. ನಿಮ್ಮದೇ ಎತ್ತರ, ನಿಮ್ಮದೇ ಗಾಯ. ಅವನದನ್ನೇ ಹಾಕ್ಬಿಟ್ಟೆ."

"ಅವನು ನಡೆದ್ನಾ?"

"ನಡೆದ. ಆಮೇಲೆ ಜ್ವರ ಬಂದು ತೀರ್ಕೊಂಡ. ಬೇಕಾದ್ರೆ ಅಳಿಸ್ತೀನಿ. ಆದ್ರೆ ನಿಮ್ಮ ಕಾಲು ಮತ್ತೆ ಏಳುತ್ತೆ ಅಂತ ಬರೆದುಕೊಡೋಕಾಗಲ್ಲ."

ಅವನ ಕಪಾಳಕ್ಕೆ ಬಾರಿಸಬೇಕು ಎನ್ನಿಸಿತು. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಸತ್ತವನದಾದರೇನು, ನೆಲ ಮುಟ್ಟಿದರೆ ಸಾಕು. ಇರಲಿ ಬಿಡು ಎಂದೆ.

ಎರಡು ತಿಂಗಳಿಗೆ ವಾಕರ್ ಹಿಡಿದು ಎದ್ದು ನಿಂತೆ. ಕೋಣೆಯ ಆ ತುದಿಯಲ್ಲಿ ಹೆಂಡತಿ ಕೈಚಾಚಿ ನಿಂತಿದ್ದಳು. ಅವಳ ತನಕ ಹೋಗಬೇಕು, ನನಗೆ ಬೇಕಾಗಿದ್ದು ಅಷ್ಟೇ. ಆರು ಹೆಜ್ಜೆ ಇಟ್ಟೆ. ಪಕ್ಕದ ಕೋಣೆಯ ಮಷೀನು ನಿಂತಿತು, ಬಾಗಿಲು ತೆರೆಯಿತು. ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡ ಮುದುಕಿಯೊಬ್ಬಳು ಹೊಸ್ತಿಲಲ್ಲಿ ನಿಂತು ನನ್ನ ಕಾಲುಗಳನ್ನು ಮಾತ್ರ ನೋಡಿದಳು.

"ಇನ್ನೂ ಎಡಗಾಲು ಎಳೀತಾನೆ," ಎಂದಳು, ತನ್ನಷ್ಟಕ್ಕೆ. "ಚಿಕ್ಕಂದಿನಿಂದ ಬೈದೂ ಬೈದೂ ಸಾಕಾಯ್ತು."

ನಾನು ಎಂದೂ ಕಾಲೆಳೆದು ನಡೆದವನಲ್ಲ. ಪೆಟ್ಟಿಗೆ ಹಿಡಿದು ಪಕ್ಕದಲ್ಲೇ ಇದ್ದ ತಂತ್ರಜ್ಞ ನನ್ನ ಕಿವಿಯತ್ತ ಬಗ್ಗಿದ. "ದರ್ಜಿಯ ತಾಯಿ," ಎಂದು ಪಿಸುಗುಟ್ಟಿದ.

ಕಾಲುಗಳು ಅವಳತ್ತ ತಿರುಗಿದವು. ನಾನು ತಿರುಗಿಸಲಿಲ್ಲ.

"ಅಳಿಸು," ಎಂದೆ. "ಈಗಲೇ ಅಳಿಸು."

ಅವನು ಪೆಟ್ಟಿಗೆಯನ್ನೇ ಆರಿಸಿದ. ಅದರ ಹಸಿರು ದೀಪ ಹೋಯಿತು. ನಾನು ಕುಸಿಯಬೇಕಿತ್ತು. ಕಾಲುಗಳು ಇನ್ನೂ ಮೂರು ಹೆಜ್ಜೆ ನಡೆದು ಹೊಸ್ತಿಲ ಬಳಿ ನಿಂತವು.

ಮುದುಕಿ ಬಗ್ಗಿ ನನ್ನ ಎಡಪಾದದ ಮೇಲೆ ಅಂಗೈ ಇಟ್ಟಳು. ಅದು ಬೆಚ್ಚಗಿತ್ತು. ಆ ಬಿಸಿ ನನಗೆ ಗೊತ್ತಾಯಿತು.

ಹಿಂದಿನಿಂದ ಹೆಂಡತಿ ಕರೆಯುತ್ತಿದ್ದಳು. ತಿರುಗಲು ನೋಡಿದೆ. ಕುತ್ತಿಗೆಯಷ್ಟೇ ತಿರುಗಿತು.